ಇಲಿಬೋನಿಗೆ ಗುಲಾಬಿ ಸೋಪು

ಜುಲೈ 6

ಪುಟ್ಟೀ,

ನೀನು ಹಾಸ್ಟೆಲಿಗೆ ಹೊರಟುಹೋದ ಮೇಲೆ ಮನೆಯಲ್ಲಿ ಎರಡು ಸುಧಾರಣೆಗಳಾಗಿವೆ. ಒಂದು, ಬೆಳಿಗ್ಗೆ ಬಚ್ಚಲುಮನೆ ನನಗೆ ಹೊತ್ತಿಗೆ ಸರಿಯಾಗಿ ಸಿಗುತ್ತಿದೆ. ಎರಡನೆಯದು ನೆನಪಾಗುತ್ತಿಲ್ಲ. ನೆನಪಾದಾಗ ಬರೆಯುತ್ತೇನೆ.

ನಿನ್ನೆ ಬೇಕರಿಯವರ ಗೋದಾಮಿನಲ್ಲಿ ಬೋನು ಎತ್ತುತ್ತಿದ್ದಾಗ ಅವರು ಕೇಳಿದರು, "ಮಗಳು ಏನು ಓದೋಕೆ ಹೋದಳು?" ನಾನು ಬೋನು ಕೆಳಗಿಟ್ಟು, ಎದೆ ನೆಟ್ಟಗೆ ಮಾಡಿಕೊಂಡು, ಒಂದೇ ಉಸಿರಿಗೆ ಹೇಳಿದೆ: "ವನ್ಯಜೀವಿ ನಿರ್ವಹಣೆ ಮತ್ತು ಸಂರಕ್ಷಣೆ." ಅವರು ನನ್ನನ್ನು ನೋಡಿದರು. ಬೋನಿನೊಳಗಿದ್ದ ಇಲಿಯನ್ನು ನೋಡಿದರು. ಇಲಿಯೂ ನನ್ನನ್ನು ನೋಡಿತು. "ಅಲ್ರೀ, ಅಂದ್ರೆ ಅಪ್ಪ ಕೊಲ್ಲೋದು, ಮಗಳು ಉಳಿಸೋದು! ಒಂದೇ ಮನೇಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂನಾ?" ಅಂದರು.

ನನಗೂ ಅರ್ಥವಾಗದ್ದು ಇದೇ. ಮೂವತ್ತೊಂದು ವರ್ಷದಿಂದ ಈ ಊರಿನ ಅಟ್ಟ, ಗೋದಾಮು, ಮೋರಿಗಳಲ್ಲಿ ನಾನು ಜೀವಿಗಳನ್ನು ನಿರ್ವಹಿಸುತ್ತಲೇ ಬಂದಿದ್ದೇನೆ. ಸಂರಕ್ಷಣೆಯೊಂದು ಬಾಕಿ ಉಳಿದಿತ್ತು, ಅದಕ್ಕೆಂದು ಯಾರೂ ನನ್ನನ್ನು ಕರೆಸಿರಲಿಲ್ಲ. ಮನೆಯಲ್ಲೇ ಕಲಿಯಬಹುದಾದ ವಿದ್ಯೆಗೆ ಬಸ್ಸು ಹತ್ತಿ ಹೋದವಳು ನೀನೊಬ್ಬಳೇ.

ಇರಲಿ. ಒಪ್ಪಂದ ನೆನಪಿದೆಯಲ್ಲ? ಈ ವರ್ಷ ಒಂದೇ ಒಂದು ವಿಷಯದಲ್ಲಿ ಫೇಲಾದರೂ ಗಂಟುಮೂಟೆ ಕಟ್ಟಿಕೊಂಡು ಬಂದು ನನ್ನ ಜೊತೆ ಕಸುಬಿಗೆ ಸೇರಬೇಕು. ನೀನೇ ನನ್ನ ಕೈಮೇಲೆ ಕೈ ಇಟ್ಟು ಒಪ್ಪಿದ್ದು, ಅಮ್ಮ ಸಾಕ್ಷಿ. ಬೋರ್ಡು ಆಗಲೇ ಬರೆಸಿಯಾಗಿದೆ. ಹಸಿರಿನ ಮೇಲೆ ಬಿಳಿ ಅಕ್ಷರ: "ಇಲಿ ಹಿಡಿಯುವವರು, ತಂದೆ ಮತ್ತು ಮಗಳು." ಸದ್ಯಕ್ಕೆ ಬಾಗಿಲ ಹಿಂದೆ ಗೋಡೆಗೆ ಮುಖಮಾಡಿ ನಿಂತಿದೆ. ಅವಸರವೇನಿಲ್ಲ. ಚೆನ್ನಾಗಿ ಓದು.

ಅಮ್ಮ ಈಗಲೂ ನನ್ನನ್ನು ಹಿಂಬಾಗಿಲಿನಿಂದಲೇ ಒಳಗೆ ಬಿಡುವುದು, ಅದೂ ಕೋಟನ್ನು ಹೊರಗಿನ ಮೊಳೆಗೆ ನೇತುಹಾಕಿದ ಮೇಲೆ. "ಇನ್ನೇನು, ಮಗಳು ಮನೆಯಲ್ಲಿಲ್ಲವಲ್ಲ, ಯಾರ ಮೂಗಿಗೆ ತೊಂದರೆ?" ಅಂದೆ. "ನನಗೂ ಒಂದು ಮೂಗಿದೆ" ಅಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇದು ನನಗೆ ಹೊಸ ವಿಷಯ.

ನಿನ್ನ ಅಪ್ಪ
(ನಿರ್ವಹಣಾ ವಿಭಾಗ)


ಜುಲೈ 19

ಪ್ರೀತಿಯ ಅಪ್ಪನಿಗೆ,

ಇಲ್ಲಿ ಫೋನ್ ಸಿಗ್ನಲ್ ಗುಡ್ಡದ ತುದಿಯ ಒಂದೇ ಒಂದು ಬಂಡೆಯ ಮೇಲೆ ಸಿಗುತ್ತದೆ. ಆ ಬಂಡೆಗೆ ಸರತಿ ಸಾಲಿದೆ, ಸಾಲಿನಲ್ಲಿ ಜಗಳವಿದೆ. ಅದಕ್ಕೇ ಕಾಗದ.

ಕಾಲೇಜಿನ ಹಿಂದೆ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು, ಅದರಾಚೆ ಹೊಳೆ. ವರ್ಷವಿಡೀ ಒಬ್ಬೊಬ್ಬರು ಒಂದೊಂದು ಪ್ರಾಣಿಯನ್ನು ಅಧ್ಯಯನ ಮಾಡಬೇಕು. ಯಾರಿಗೆ ಯಾವುದು ಅಂತ ಚೀಟಿ ಎತ್ತಿಸಿದರು. ಎತ್ತಿಸಿದವರು ಗೂಬೆ ಮೇಷ್ಟ್ರು. ಬೈಗುಳವಲ್ಲ ಅಪ್ಪ, ಅವರ ಸಂಶೋಧನೆಯೇ ಗೂಬೆಯ ಮೇಲೆ. ಹಾಗೆ ಕರೆದರೆ ಓಗೊಡುತ್ತಾರೆ, ಕತ್ತು ಮಾತ್ರ ತಿರುಗಿಸಿ. ನನ್ನ ಕೋಣೆಯವಳಿಗೆ ನರಿ ಬಂತು, ಅವತ್ತಿನಿಂದ ಅವಳ ಹೆಸರೇ ನರಿ. ಇನ್ನೊಬ್ಬನಿಗೆ ನೀರುನಾಯಿ. ನಾನು ಕಣ್ಣುಮುಚ್ಚಿ ಚಿರತೆ, ಚಿರತೆ ಅಂತ ಜಪಿಸುತ್ತ ಚೀಟಿ ಬಿಚ್ಚಿದೆ.

ಹುಲ್ಲಿಲಿ.

ಹೆಬ್ಬೆರಳುದ್ದದ ಇಲಿ, ಅಪ್ಪ. ಇಡೀ ಒಂದು ದಿನ ಬಸ್ಸಿನಲ್ಲಿ ಕೂತು ಇಲಿಯಿಂದ ದೂರ ಬಂದೆ ಅಂದುಕೊಂಡಿದ್ದೆ. ಅದು ನನಗಿಂತ ಮೊದಲೇ ಬಂದು ಸೀಟು ಹಿಡಿದು ಕೂತಿದೆ.

ನಗಬೇಡ. ಗೂಬೆಗಳು ಬದುಕುವುದೇ ಈ ಇಲಿಗಳಿಂದ. ಇಲ್ಲಿ ಎಷ್ಟು ಗೂಬೆ ಉಳಿಯಬಲ್ಲವು ಅಂತ ತಿಳಿಯಬೇಕಾದರೆ ಎಷ್ಟು ಇಲಿ ಇವೆ ಅಂತ ಗೊತ್ತಿರಬೇಕು. ಎಲ್ಲವನ್ನೂ ಹಿಡಿದು ಎಣಿಸೋಕೆ ಆಗಲ್ಲ. ಅದಕ್ಕೆ ಒಂದಷ್ಟನ್ನು ಪೆಟ್ಟಾಗದ ಹಾಗೆ ಬೋನಿನಲ್ಲಿ ಹಿಡಿದು, ಗುರುತು ಮಾಡಿ, ಬಿಟ್ಟುಬಿಡುವುದು. ಕೆಲವು ದಿನ ಬಿಟ್ಟು ಮತ್ತೆ ಹಿಡಿಯುವುದು. ಎರಡನೇ ಸಲ ಸಿಕ್ಕವುಗಳಲ್ಲಿ ಗುರುತಿನವು ಎಷ್ಟರಲ್ಲಿ ಎಷ್ಟು ಅಂತ ನೋಡಿದರೆ ಒಟ್ಟು ಸಂಖ್ಯೆ ಲೆಕ್ಕಕ್ಕೆ ಸಿಗುತ್ತದೆ. ಹತ್ತರಲ್ಲಿ ಎರಡಕ್ಕೆ ಗುರುತಿದ್ದರೆ, ನಾವು ಮೊದಲು ಗುರುತು ಮಾಡಿದ್ದು ಒಟ್ಟು ಇಲಿಗಳಲ್ಲಿ ಐದರಲ್ಲೊಂದು ಪಾಲು ಅಂತ ಅರ್ಥ.

"ನಿಮ್ಮಪ್ಪ ಏನು ಮಾಡ್ತಾರೆ?" ಅಂತ ನರಿ ಕೇಳಿದಳು. "ಇದೇ ಕ್ಷೇತ್ರ" ಅಂದೆ. ಸುಳ್ಳೇನಲ್ಲವಲ್ಲ.

ಅಮ್ಮಾ, ಗುಲಾಬಿ ಸೋಪು ಮುಗಿಯುತ್ತ ಬಂತು. ಒಂದು ಡಜನ್ ಕಳಿಸು. ದಿನಕ್ಕೆರಡು ಸ್ನಾನ ನಂದು, ಮೇಲೆ ನಲವತ್ತು ಬೋನುಗಳನ್ನೂ ಅದರಲ್ಲೇ ಉಜ್ಜಿ ಉಜ್ಜಿ ತೊಳೆದು ಫಳಫಳ ಅನ್ನಿಸಿದ್ದೇನೆ. ಇಲಿಯ ಕೆಲಸ ಅಂದಮಾತ್ರಕ್ಕೆ ನಾರಬೇಕು ಅಂತೇನಿಲ್ಲವಲ್ಲ?

ನಿಮ್ಮ ಪುಟ್ಟಿ


ಜುಲೈ 28

ಪುಟ್ಟೀ,

ನಗಬೇಡ ಅಂದೆಯಲ್ಲ, ಕಾಗದವನ್ನು ಅಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಕ್ಕು ಬಂದೆ.

ಹಿಡಿದು ಬಿಡುವುದು! ಇದನ್ನು ಓದಿದ ಮೇಲೆ ಮೂರು ದಿನ ನನಗೆ ಕಸುಬಿನ ಮೇಲೆ ಮನಸ್ಸೇ ನಿಲ್ಲಲಿಲ್ಲ. ದರ್ಜಿ ಬಟ್ಟೆ ಹೊಲಿದು ಬಿಚ್ಚುವುದನ್ನು ಕಂಡಿದ್ದೀಯಾ? ಕ್ಷೌರಿಕ ಕೂದಲು ಕತ್ತರಿಸಿ ಮತ್ತೆ ಅಂಟಿಸುವುದನ್ನು? ಬೇಕರಿಯವರಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಬಿಡೋದೇ ಆದ್ರೆ ಮೊದಲೇ ಹಿಡಿಯದೇ ಇರಬಹುದಿತ್ತಲ್ಲ, ಶ್ರಮ ಉಳೀತಿತ್ತು" ಅಂದರು. ದೊಡ್ಡ ತಲೆ.

ಗುರುತು ಮಾಡಿ ಎಣಿಸುವುದಂತೆ! ಒಂದು ಗೋದಾಮಿನ ಬಾಗಿಲಲ್ಲಿ ನಿಂತು ಒಮ್ಮೆ ಮೂಗೆಳೆದರೆ ಒಳಗೆ ಎಷ್ಟು ಇಲಿ ಅಂತ ನಾನು ಹೇಳಬಲ್ಲೆ. ಬೇಕರಿಯಲ್ಲಿ ಹೆಚ್ಚೆಂದರೆ ಇಪ್ಪತ್ತು. ಹತ್ತು ವರ್ಷದಿಂದ ಇಪ್ಪತ್ತೇ.

ಬೋನು ತೊಳೆಯುವ ವಿಷಯ ಬರೆದಿದ್ದೀಯ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ನಿನ್ನ ಅಪ್ಪ

ಪುಟ್ಟೀ, ಸೋಪು ಕಳಿಸಿದ್ದೇನೆ. "ನಾನೇನೂ ಹೇಳುವುದಿಲ್ಲ" ಅಂತ ಬರೆದು ಇವರು ಒಬ್ಬರೇ ಮುಗುಳ್ನಗುತ್ತಿದ್ದರು. ಯಾಕೆ ಅಂತ ಕೇಳಿದೆ, ನನಗೂ ಏನೂ ಹೇಳಲಿಲ್ಲ. - ಅಮ್ಮ


ಆಗಸ್ಟ್ 24

ಅಪ್ಪಾ,

ಹುಲ್ಲಿನಲ್ಲಿ ಹಗ್ಗ ಹಿಡಿದು, ಹತ್ತು ಹೆಜ್ಜೆಗೊಂದು ಗೂಟ ನೆಟ್ಟು, ಗೂಟಕ್ಕೊಂದರಂತೆ ನಲವತ್ತು ಬೋನು ಇಟ್ಟೆ. ಒಳಗೆ ಕಡಲೆಕಾಯಿ ಬೆಣ್ಣೆ. ಬೆಚ್ಚಗಿರಲಿ ಅಂತ ಒಂದು ಹಿಡಿ ಹತ್ತಿ. ಸಂಜೆ ಇಟ್ಟು, ಸೂರ್ಯ ಹುಟ್ಟುವ ಹೊತ್ತಿಗೆ ನೋಡಿ, ತೊಳೆದು, ಮತ್ತೆ ಇಡುವುದು. ಹತ್ತು ದಿನ ಮಾಡಿದೆ.

ನಾಲ್ಕು ಕಪ್ಪೆ. ಒಂದು ಬಸವನಹುಳು. ಹದಿಮೂರನೇ ಬೋನಿನಲ್ಲಿ ನರಿಯ ಕಾಲುಚೀಲ. ಅದು ಹೇಗೆ ಬಂತು ಅನ್ನುವುದು ಬೇರೆಯೇ ಸಂಶೋಧನೆ. ಇಲಿ ಮಾತ್ರ ಸೊನ್ನೆ.

ಬೆಟ್ಟ ಅಗೆದು ಇಲಿ ಹಿಡಿದರು ಅಂತ ಜನ ಆಡಿಕೊಳ್ಳುತ್ತಾರೆ. ಅವರಿಗಾದರೂ ಇಲಿ ಸಿಕ್ಕಿತಲ್ಲ ಅಪ್ಪ!

ಗೂಬೆ ಮೇಷ್ಟ್ರು ಸೊನ್ನೆಗಳ ಪಟ್ಟಿಯನ್ನು ಬಹಳ ಹೊತ್ತು ರೆಪ್ಪೆ ಮಿಟುಕಿಸದೆ ನೋಡಿದರು. "ಇಲಿ ಇಲ್ಲದೆ ಇಲ್ಲ. ನನ್ನ ಗೂಬೆಗಳು ದಿನಾ ತಿಂದು ಮೂಳೆ ಉಗುಳುತ್ತಿವೆ. ನಿನಗೆ ಸಿಗುತ್ತಿಲ್ಲ ಅಷ್ಟೆ" ಅಂದರು. ಅಕ್ಟೋಬರ್ ಮುಗಿಯುವುದರೊಳಗೆ ಕಡೇಪಕ್ಷ ಇಪ್ಪತ್ತೈದು ಇಲಿಗೆ ಗುರುತು ಮಾಡಬೇಕಂತೆ. ಇಲ್ಲದಿದ್ದರೆ ಕ್ಷೇತ್ರಕಾರ್ಯದ ವಿಷಯದಲ್ಲಿ ನಾನು ಫೇಲು.

ಫೇಲಾದರೆ ಏನು ಅಂತ ನಿನಗೆ ಗೊತ್ತು, ನನಗೆ ಗೊತ್ತು, ಬಾಗಿಲ ಹಿಂದಿರುವ ಬೋರ್ಡಿಗೂ ಗೊತ್ತು.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ಸುಮ್ಮನೆ ವಿಷಯ ತಿಳಿಸಿದೆ.

ಪುಟ್ಟಿ


ಸೆಪ್ಟೆಂಬರ್ 11

ಪುಟ್ಟೀ,

ಅಪ್ಪನ ಕಾಗದ ಬರಲಿಲ್ಲ ಅಂತ ಎದುರು ನೋಡುತ್ತಿರುತ್ತೀಯ. ಬರೆಯುತ್ತಿದ್ದಾರೆ. ಬರೆದು ಹರಿಯುತ್ತಿದ್ದಾರೆ. ಒಲೆ ಹಚ್ಚೋಕೆ ಕಾಗದಕ್ಕೆ ಬರವಿಲ್ಲ ನನಗೆ.

ನಿನ್ನ ಕಾಗದ ಬಂದ ದಿನ ಬಾಗಿಲ ಹಿಂದಿನಿಂದ ಬೋರ್ಡು ತೆಗೆದು ಒರೆಸಿ ಇಟ್ಟರು. ನಾಲ್ಕು ಮೊಳೆ ತಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ಗೋಡೆ ನೋಡಿಕೊಂಡು, "ಯಾರಾದರೂ ಹಾಗೆ ಮಾಡ್ತಾರಾ?" ಅಂದರು. "ಯಾರು, ಏನು ಮಾಡಿದರು?" ಅಂದೆ. "ಏನಿಲ್ಲ, ಬಡಿಸು" ಅಂದರು. ಮರುದಿನವೂ ಇದೇ. ಆಮೇಲೆ ಬೋರ್ಡು ತಾನಾಗಿಯೇ ಬಾಗಿಲ ಹಿಂದೆ ಹೋಯಿತು. ನಿನ್ನೆ ಮತ್ತೆ ಹೊರಗೆ ಬಂದಿದೆ. ಈ ಬೋರ್ಡು ಓಡಾಡಿದಷ್ಟು ನಾನೂ ಓಡಾಡಿಲ್ಲ ಮನೆಯಲ್ಲಿ.

ಇವರಿಗೆ ಏನೋ ಗೊತ್ತಿದೆ ಕಣೇ. ಗೊತ್ತಿರುವುದನ್ನು ಹೇಳಿದರೆ ನೀನು ಅಲ್ಲೇ ಉಳಿಯುತ್ತೀಯ, ಹೇಳದಿದ್ದರೆ ಇಲ್ಲಿಗೆ ಬರುತ್ತೀಯ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ಇಲ್ಲಿ ಬೆಕ್ಕೂ ಇವರೇ, ಇಲಿಯೂ ಇವರೇ.

ನಾನು ಮಧ್ಯೆ ಬಾಯಿ ಹಾಕುವುದಿಲ್ಲ. ಸೋಪು ಕಳಿಸಲಾ ಅಂತ ಕೇಳಿದ್ದಕ್ಕೆ ಮಾತ್ರ, "ಬೇಡ!" ಅಂತ ಕೂಗಿದರು. ಆಮೇಲೆ "ನಿನ್ನಿಷ್ಟ" ಅಂದರು. ಕಳಿಸಿಲ್ಲ.

ಅಮ್ಮ


ಸೆಪ್ಟೆಂಬರ್ 18

ಅಮ್ಮಾ,

ಎರಡನೇ ಪ್ರಯತ್ನವೂ ಸೊನ್ನೆ. ಕಪ್ಪೆಗಳೂ ಬರುವುದನ್ನು ಬಿಟ್ಟಿವೆ. ನರಿಗೆ ಮೂರು ಮರಿಗಳಿರುವ ಗುಹೆ ಸಿಕ್ಕಿದೆ. ನನ್ನೆದುರಿಗೆ ಸಂತೋಷ ತೋರಿಸಬಾರದು ಅಂತ ಹೊದಿಕೆಯೊಳಗೆ ನಗುತ್ತಾಳೆ.

ಮೊಳೆ ಹೊಡೆಯೋಕೆ ಹೇಳು.

ಪುಟ್ಟಿ


ಸೆಪ್ಟೆಂಬರ್ 23

ಪುಟ್ಟೀ,

ಸೋಪು.

ಸೋಪು ಕಣೇ! ಗುಲಾಬಿ ತೋಟ ಹೊತ್ತುಕೊಂಡು ಹೋಗಿ ಹುಲ್ಲಿನ ನಡುವೆ ಇಟ್ಟರೆ ಯಾವ ಇಲಿ ಬರುತ್ತದೆ? ಇಲಿ ಲೋಕ ನೋಡುವುದೇ ಮೂಗಿನಿಂದ. ನಿನ್ನ ಬೋನು ಅದಕ್ಕೆ ನೂರು ಹೆಜ್ಜೆ ದೂರದಿಂದಲೇ "ನಾನು ಮನುಷ್ಯ, ಈಗಷ್ಟೇ ಸ್ನಾನ ಮಾಡಿದ್ದೇನೆ" ಅಂತ ಕೂಗಿ ಹೇಳುತ್ತಿದೆ.

ಜುಲೈನಲ್ಲಿ ನಿನ್ನ ಕಾಗದ ಓದಿದಾಗಲೇ ಗೊತ್ತಾಯಿತು. ಹೇಳಲಿಲ್ಲ. ಯಾಕೆ ಅಂತ ಕೇಳಬೇಡ, ಬೋರ್ಡನ್ನು ಕೇಳು.

ಈಗ ಹೇಳುತ್ತಿರುವುದು ನಿನ್ನ ಮೇಲಿನ ಅಕ್ಕರೆಯಿಂದ ಅಂತ ತಪ್ಪು ತಿಳಿಯಬೇಡ. ಇಲಿ ಹಿಡಿಯುವವನ ಮಗಳು ನಲವತ್ತು ಬೋನಿಟ್ಟು ಕಾಲುಚೀಲ ಹಿಡಿದಳು ಅನ್ನುವ ಸುದ್ದಿ ಹೊರಬಿದ್ದರೆ ಈ ಊರಲ್ಲಿ ನನ್ನನ್ನು ಯಾರು ಕರೆಯುತ್ತಾರೆ?

ಬೋನುಗಳನ್ನು ಹೊಳೆಯಲ್ಲಿ ಅದ್ದಿ, ಅಲ್ಲಿಯದೇ ಮಣ್ಣು ಹುಲ್ಲು ಹಾಕಿ ಉಜ್ಜು. ಇನ್ನುಮೇಲೆ ಸೋಪು ತಾಗಿಸಬೇಡ. ಒಂದು ಇಲಿ ಒಳಗೆ ಕೂತು ಹೋದ ಬೋನು ಅಂದರೆ ಉಳಿದವಕ್ಕೆ ಪರಿಚಯದ ಮನೆ. ಆ ವಾಸನೆಯನ್ನು ತೊಳೆಯುವವರು ಮೂರ್ಖರು, ನಿನ್ನನ್ನು ಬಿಟ್ಟು. ಮೊದಲ ನಾಲ್ಕು ದಿನ ಬಾಗಿಲು ಬೀಳದಂತೆ ಕಟ್ಟಿ, ತಿಂಡಿ ಮಾತ್ರ ಇಡು. ತಿಂದು ಹೋಗಲಿ. ನೆಂಟರು ಮನೆಗೆ ಬಂದ ಮೊದಲ ದಿನವೇ ಬಾಗಿಲು ಹಾಕಿಕೊಂಡರೆ ಯಾರು ಬರುತ್ತಾರೆ? ಐದನೇ ದಿನ ಬಿಚ್ಚು. ಆಮೇಲೆ ಆ ಹಗ್ಗ. ಇಲಿ ಹಗ್ಗ ಓದುವುದಿಲ್ಲ. ನಿಮ್ಮ ಮೇಷ್ಟ್ರು ಒಪ್ಪುವುದಾದರೆ ಗೂಟದ ಸುತ್ತ ಎರಡು ಹೆಜ್ಜೆಯೊಳಗೆ ಬಗ್ಗಿ ನೋಡು. ಹುಲ್ಲಿನ ಬುಡದಲ್ಲಿ ಬೆರಳಗಲದ ದಾರಿ, ಕಡಿದು ಬಿಟ್ಟ ಹುಲ್ಲಿನ ಚೂರು ಕಾಣುತ್ತವೆ. ಬೋನಿನ ಬಾಯಿ ಆ ದಾರಿಗೆ ಇರಲಿ.

ಜೊತೆಗೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ನನ್ನ ಕೋಟು. ಹದಿಮೂರು ವರ್ಷದಿಂದ ಅದಕ್ಕೆ ಸೋಪು ತಾಗಿಲ್ಲ, ನೀರಿನಲ್ಲಿ ಜಾಲಿಸಿ ಒಣಹುಲ್ಲಿನ ಮೇಲೆ ಒಣಗಿಸಿದ್ದು ಅಷ್ಟೆ. ಎರಡು ದಿನ ನಿನ್ನ ಹುಲ್ಲುಗಾವಲಿನಲ್ಲಿ ಹಾಸಿಟ್ಟು, ಆಮೇಲೆ ಹಾಕಿಕೊಂಡು ಹೋಗು. ನಿನ್ನ ಐದನೇ ತರಗತಿಯಲ್ಲಿ, "ಶಾಲೆ ಗೇಟಿನ ತನಕ ಬರಬೇಡ ಅಪ್ಪ, ಮೂಲೆ ಅಂಗಡಿ ತನಕ ಸಾಕು" ಅಂದೆಯಲ್ಲ? ಅದೇ ಕೋಟು. ಆಗ ಯಾಕೆ ಅಂತ ನಾನು ಕೇಳಿರಲಿಲ್ಲ. ಈಗಲೂ ಕೇಳುತ್ತಿಲ್ಲ.

ಜೇಬಿನಲ್ಲಿ ಒಂದು ಬಿಸ್ಕತ್ತಿದೆ. ಅದನ್ನು ತಿನ್ನಬೇಡ.

ನಿನ್ನ ಅಪ್ಪ


ಅಕ್ಟೋಬರ್ 9

ಅಪ್ಪಾ!

ಕೋಟು ಬಂದ ದಿನ ಹಾಸ್ಟೆಲಿನಲ್ಲಿ ಏನೋ ಸತ್ತಿದೆ ಅಂತ ಮೇಲ್ವಿಚಾರಕಿಯವರು ಮೂರು ಕೋಣೆಗಳ ಮಂಚ ಎತ್ತಿಸಿದರು. ಕಾವಲು ನಾಯಿ ಪಾರ್ಸೆಲ್ಲಿಗೆ ಒಂದು ಸುತ್ತು ಬಂದು, ಬೊಗಳಲೋ ಓಡಲೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿತು. ನರಿ ಹಾಸಿಗೆ ಸುತ್ತಿಕೊಂಡು ಎದುರು ಕೋಣೆಗೆ ವಲಸೆ ಹೋದಳು.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಮೇಷ್ಟ್ರು, "ಎರಡು ಹೆಜ್ಜೆ ಅಂದರೆ ಎರಡೇ, ಮೂರಲ್ಲ" ಅಂತ ಒಪ್ಪಿದರು. ಹನ್ನೊಂದು ದಿನದಿಂದ ನಾನು ಸೋಪು ಮುಟ್ಟಿಲ್ಲ. ತರಗತಿಯಲ್ಲಿ ನನ್ನ ಬೆಂಚು ಪೂರ್ತಿ ನನ್ನದೇ.

ಬಾಗಿಲು ಬಿಚ್ಚಿದ ಮರುದಿನ ಬೆಳಿಗ್ಗೆ ಮೊದಲ ಬೋನು ಮುಚ್ಚಿತ್ತು. ಕಪ್ಪೆಯೇ ಇರಬೇಕು ಅಂದುಕೊಂಡೆ. ಒಳಗೆ ಹತ್ತಿಯ ಉಂಡೆ ಅಲುಗಿತು, ಎರಡು ಕಪ್ಪು ಮಣಿಯಂಥ ಕಣ್ಣು ಹೊರಗೆ ಬಂದವು. ಅಪ್ಪ, ಅದು ನನ್ನ ಕೈಮೇಲೆ ಕೂತು ಮೀಸೆ ಒರೆಸಿಕೊಂಡಿತು! ನಿನ್ನ ಕಸುಬಿಗೆ ಅವಮಾನವಾಗುವಂತೆ ನಾನು ಅದಕ್ಕೆ "ಬಾರೋ ರಾಜಾ" ಅಂದುಬಿಟ್ಟೆ. ಮೊದಲ ದಿನ ಹನ್ನೊಂದು. ಐದು ದಿನಕ್ಕೆ ಇಪ್ಪತ್ತೆಂಟು. ಬೆನ್ನಿನ ಮೇಲೆ ಒಂದು ಚಿಟಿಕೆ ಕೂದಲು ಕತ್ತರಿಸಿ ಗುರುತು ಮಾಡಿ, ಹಿಡಿದಲ್ಲೇ ಬಿಟ್ಟೆ.

ಇಪ್ಪತ್ತೆಂಟನೆಯದನ್ನು ಬಿಡುವಾಗ ಗೂಬೆ ಮೇಷ್ಟ್ರು ಹಿಂದೆ ಬಂದು ನಿಂತಿದ್ದರು. ಮೂಗರಳಿಸಿದರು. "ಈ ಕೋಟು ಯಾರದು?"

ಎಲ್ಲರೂ ಇದ್ದರು ಅಪ್ಪ, ನರಿಯೂ ಇದ್ದಳು.

"ನಮ್ಮಪ್ಪಂದು ಸರ್."

"ಸಂಶೋಧಕರೇ?"

"ಅಲ್ಲ ಸರ್. ಇಲಿ ಹಿಡಿಯುತ್ತಾರೆ. ಬೇಕರಿ, ಗೋದಾಮು, ಮೋರಿ. ಮೂವತ್ತೊಂದು ವರ್ಷದಿಂದ."

ನರಿ, "ಇದೇ ಕ್ಷೇತ್ರ ಅಂದಿದ್ದೆಯಲ್ಲೇ?" ಅಂದಳು. "ಇದೇ ಕ್ಷೇತ್ರ ಅಲ್ಲವಾ ಮತ್ತೆ, ಕಾಲುಚೀಲದವಳೇ?" ಅಂದೆ.

ಬಿಸ್ಕತ್ತು ನಾಯಿಗೆ ಹಾಕಿದೆ. ಅದೂ ತಿನ್ನಲಿಲ್ಲ.

ನಿನ್ನ ಪುಟ್ಟಿ


ಅಕ್ಟೋಬರ್ 20

ಪುಟ್ಟೀ,

ಇಪ್ಪತ್ತೆಂಟು! ಬೇಕರಿಯವರಿಗೆ ಹೇಳಿದೆ, ಅಂಚೆಯವರಿಗೆ ಹೇಳಿದೆ, ಕೇಳದೇ ಇದ್ದವರಿಗೂ ಹೇಳಿದೆ. "ಹೆತ್ತವರಿಗೆ ಹೆಗ್ಗಣ ಮುದ್ದು" ಅಂದಳು ಅಮ್ಮ. ಈ ಗಾದೆಗೆ ನನಗಿಂತ ಅರ್ಹನಾದ ತಂದೆ ಇನ್ನೊಬ್ಬನಿಲ್ಲ.

ಈಗ ನನ್ನ ಕಡೆಯ ತಪ್ಪೊಪ್ಪಿಗೆ. ನಿನ್ನ ಎಣಿಕೆಯ ಕ್ರಮ ಶುದ್ಧ ಬೊಗಳೆ ಅಂತ ಸಾಬೀತು ಮಾಡೋಣ ಅಂತ ಬೇಕರಿ ಗೋದಾಮಿನಲ್ಲಿ ಇಪ್ಪತ್ತನಾಲ್ಕು ಇಲಿ ಹಿಡಿದು (ನನ್ನ ಲೆಕ್ಕಕ್ಕಿಂತ ನಾಲ್ಕು ಜಾಸ್ತಿ, ನೆಂಟರು ಬಂದಿರಬೇಕು ಅಂದುಕೊಂಡೆ), ಅಮ್ಮನ ಉಗುರುಬಣ್ಣ ತೆಗೆದುಕೊಂಡು ಹೋಗಿ, ಒಂದೊಂದರ ಬಾಲದ ತುದಿಗೂ ಕೆಂಪು ಬಳಿದು, ಬಿಟ್ಟೆ. ನನ್ನ ಕೈಯಾರೆ ಬೋನಿನ ಬಾಗಿಲು ತೆರೆದು ಬಿಟ್ಟದ್ದು ಕಣೇ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಇಲಿಗಳಿಗೂ ನಂಬಿಕೆ ಬರಲಿಲ್ಲ. ಒಂದಂತೂ ಬಾಗಿಲು ತೆರೆದಿದ್ದರೂ ಒಳಗೇ ಕೂತು, ಇದರಲ್ಲಿ ಏನು ಮೋಸವಿದೆ ಅಂತ ಯೋಚಿಸುತ್ತಿತ್ತು.

ಮೂರನೇ ದಿನ ಬೇಕರಿಯವರು ಏದುಸಿರು ಬಿಡುತ್ತ ಬಂದರು. "ಏನ್ರೀ, ನಮ್ಮ ಗೋದಾಮಲ್ಲಿ ಇಲಿ ಬಾಲಕ್ಕೆ ಬಣ್ಣ ಹಚ್ಕೊಂಡು ಓಡಾಡ್ತಿವೆ! ನೀವು ಹಿಡಿಯೋಕೆ ಬರೋದೋ, ಸಿಂಗಾರ ಮಾಡೋಕೆ ಬರೋದೋ?" ನಾನು ಗಂಭೀರವಾಗಿ "ಸಮೀಕ್ಷೆ" ಅಂದೆ. ಆ ಪದಕ್ಕೆ ಎಂಥ ಶಕ್ತಿ! ಅವರು ದನಿ ತಗ್ಗಿಸಿ, "ಹಾಗಾದ್ರೆ ಸರಿ" ಅಂತ ಹೊರಟುಹೋದರು.

ವಾರದ ಮೇಲೆ ಮತ್ತೆ ಹಿಡಿದೆ. ಇಪ್ಪತ್ತು ಸಿಕ್ಕವು. ಕೆಂಪು ಬಾಲ ನಾಲ್ಕೇ ನಾಲ್ಕು. ನೀನು ಬರೆದ ಹಾಗೆ ಲೆಕ್ಕ ಹಾಕಿದೆ. ತಪ್ಪಾಯಿತು ಅಂತ ಮತ್ತೆ ಹಾಕಿದೆ. ಅಮ್ಮನ ಕೈಲಿ ಹಾಕಿಸಿದೆ. ನೂರಿಪ್ಪತ್ತು.

ನೂರಿಪ್ಪತ್ತು ಇಲಿ, ಪುಟ್ಟೀ! ಹತ್ತು ವರ್ಷದಿಂದ ನಾನು "ಹೆಚ್ಚೆಂದರೆ ಇಪ್ಪತ್ತು" ಅಂತ ಮೂಗೆಳೆದು ಹೇಳುತ್ತಿದ್ದೆ. ನಾನು ಹಿಡಿಯುತ್ತಿದ್ದೇನೆ ಅಂದುಕೊಂಡಿದ್ದೆ. ಅವು ವಾರಕ್ಕೆ ಐದಾರು ಮಂದಿಯನ್ನು ನನಗೆ ಕಪ್ಪ ಕೊಟ್ಟು, ಉಳಿದವರು ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿದ್ದರು.

ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಒಂದು ಕೆಂಪು ಬಾಲದ ಹಿಂದೆಯೇ ಹೋದೆ. ಹಿಟ್ಟಿನ ಚೀಲಗಳ ಹಿಂದೆ, ನೀರಿನ ಕೊಳವೆ ಗೋಡೆ ದಾಟುವಲ್ಲಿ ಮುಷ್ಟಿಯಗಲದ ತೂತು. ಹತ್ತು ವರ್ಷದಲ್ಲಿ ನಾನು ನೋಡದ ತೂತು. ಇಲಿ ಒಳಗಿದ್ದಾಗ ಅದನ್ನು ಹಿಡಿಯುವುದೊಂದೇ ನನ್ನ ಯೋಚನೆಯಾಗಿತ್ತು, ಅದು ಎಲ್ಲಿಂದ ಬಂತು ಅಂತ ಕೇಳಿರಲೇ ಇಲ್ಲ. ಬೇಕರಿಯವರಿಗೆ ನಿಜ ಹೇಳಿ, ಚೀಲಗಳನ್ನು ಗೋಡೆಯಿಂದ ದೂರ ಸರಿಸಿ, ತಂತಿಬಲೆ ಬಡಿದು ಸಿಮೆಂಟು ಮೆತ್ತಿದೆ. ಅವರು ಬೈಯುತ್ತಾರೆ ಅಂತ ನಿಂತಿದ್ದೆ. "ಇದೇನಾ ನಿರ್ವಹಣೆ ಅಂದ್ರೆ?" ಅಂದರು. "ಇದೇ ಇರಬೇಕು, ಮಗಳನ್ನು ಕೇಳಿ ಹೇಳ್ತೀನಿ" ಅಂದೆ.

ಇದೇನಾ?

ನಿನ್ನ ಅಪ್ಪ
(ನಿರ್ವಹಣಾ ವಿಭಾಗ, ಕಲಿಕೆಯಲ್ಲಿದೆ)


ನವೆಂಬರ್ 6

ಮಾನ್ಯರೇ,

ನಾನು ತಮ್ಮ ಮಗಳ ಅಧ್ಯಾಪಕ. ವಿದ್ಯಾರ್ಥಿಗಳು ನನಗೆ ಇಟ್ಟಿರುವ ಹೆಸರು ತಮಗೆ ತಿಳಿದಿರಬಹುದು.

ಎರಡನೇ ಸುತ್ತಿನಲ್ಲಿ ತಮ್ಮ ಮಗಳಿಗೆ ಮೂವತ್ತೆರಡು ಇಲಿಗಳು ಸಿಕ್ಕವು. ಅವುಗಳಲ್ಲಿ ಏಳಕ್ಕೆ ಗುರುತಿತ್ತು. ಅಂದಾಜು ನೂರಿಪ್ಪತ್ತೆಂಟು. ನನ್ನ ಗೂಬೆಗಳ ಪರವಾಗಿ ಸಂತೋಷಪಡುತ್ತೇನೆ. ಆಕೆ ಉತ್ತೀರ್ಣಳಾಗಿದ್ದಾಳೆ.

ಆದರೆ ಆಕೆಯ ವರದಿಯಲ್ಲಿ "ಆಧಾರ: ಅಪ್ಪನ ಕಾಗದ, ಸೆಪ್ಟೆಂಬರ್ 23" ಎಂಬ ಉಲ್ಲೇಖ ಹದಿನಾಲ್ಕು ಕಡೆ ಬರುತ್ತದೆ. ಈ ಗ್ರಂಥ ನಮ್ಮ ಗ್ರಂಥಾಲಯದಲ್ಲಿ ಇಲ್ಲ. ಆದ್ದರಿಂದ ಗ್ರಂಥಕರ್ತರೇ ನವೆಂಬರ್ 27ರಂದು ಬಂದು ಬೋನು ಇಡುವ ಕ್ರಮದ ಬಗ್ಗೆ ಒಂದು ಪಾಠ ಮಾಡಬೇಕೆಂದು ಕೋರುತ್ತೇನೆ. ಕೋಟಿನ ಅನುಭವವಿರುವುದರಿಂದ ತರಗತಿಯನ್ನು ಬಯಲಿನಲ್ಲಿ ಏರ್ಪಡಿಸಲಾಗುವುದು.

ತಮ್ಮ ವಿಶ್ವಾಸಿ,
ಅಧ್ಯಾಪಕ, ವನ್ಯಜೀವಿ ವಿಭಾಗ


ನವೆಂಬರ್ 14

ಪುಟ್ಟೀ,

ಮೇಷ್ಟ್ರ ಕಾಗದ ಬಂದಾಗಿನಿಂದ ಮನೆಯಲ್ಲಿ ಇರೋಕಾಗುತ್ತಿಲ್ಲ. ಕನ್ನಡಿ ಮುಂದೆ ನಿಂತು "ಮಾನ್ಯ ವಿದ್ಯಾರ್ಥಿಗಳೇ" ಅಂತಾರೆ, ಮುಂದಿನದು ಹೊಳೆಯದೆ ಬಚ್ಚಲಿಗೆ ಹೋಗಿ ಮುಖ ತೊಳೆದು ಬರುತ್ತಾರೆ. ನೀನು ಪಾಸಾದದ್ದು ಅವರ ಬಾಯಲ್ಲಿ ಇನ್ನೂ ಬಂದಿಲ್ಲ. ಬೋರ್ಡಿಗೆ ತಂದ ಮೊಳೆಗಳಿಗೆ ಮಾತ್ರ ಎಣ್ಣೆ ಒರೆಸಿ ಡಬ್ಬಿಗೆ ಹಾಕಿಟ್ಟರು.

ನೆಟ್ಟಗೆ ನಿನ್ನನ್ನು ಕೇಳೋಕೆ ಆಗದೆ, ಒಂದು ಮಾತು ನನ್ನಿಂದ ಕೇಳಿಸುತ್ತಿದ್ದಾರೆ: ಕಾಲೇಜಿನ ಗೇಟಿನ ತನಕ ಬರಬಹುದಾ, ಇಲ್ಲ ಹತ್ತಿರದಲ್ಲಿ ಯಾವುದಾದರೂ ಮೂಲೆ ಅಂಗಡಿ ಇದೆಯಾ, ಅಲ್ಲಿ ನಿಲ್ಲಲಾ ಅಂತ.

ಅಮ್ಮ


ನವೆಂಬರ್ 19

ಅಮ್ಮಾ,

ಇಲ್ಲಿ ಮೂಲೆ ಅಂಗಡಿ ಇಲ್ಲ. ಇದ್ದಿದ್ದರೂ ಮುಚ್ಚಿಸುತ್ತಿದ್ದೆ.

ಗೇಟಿನಲ್ಲಿ ನಾನೇ ನಿಂತಿರುತ್ತೇನೆ, ಕೋಟು ಹಾಕಿಕೊಂಡು. ಅಪ್ಪನಿಗೆ ಹೇಳು, ಬಸ್ಸಿಳಿದು ಗಾಳಿಗೆ ಮುಖ ಕೊಟ್ಟು ನಡೆದುಬಂದರೆ ಸಾಕು, ದಾರಿ ತಪ್ಪುವುದಿಲ್ಲ.

ಪುಟ್ಟಿ


ಡಿಸೆಂಬರ್ 3

ಪುಟ್ಟೀ,

ಕ್ಷೇಮವಾಗಿ ಬಂದು ತಲುಪಿದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, "ಕಾಲೇಜಿನಲ್ಲಿ ಪಾಠ ಮಾಡಿ ಬರ್ತಿದ್ದೀನಿ" ಅಂದೆ. ಯಾವ ವಿಷಯ ಅಂತ ಕೇಳಿದರು. ಹೇಳಿದೆ. ಬೇರೆ ಸೀಟಿಗೆ ಹೋದರು. ಜ್ಞಾನ ಎಲ್ಲರಿಗೂ ಹಿಡಿಸುವುದಿಲ್ಲ.

ನಿಮ್ಮ ಗೂಬೆ ಮೇಷ್ಟ್ರು ಒಳ್ಳೆಯವರು. ನಾನು ಹುಲ್ಲಿನಲ್ಲಿ ಮಂಡಿಯೂರಿದಾಗ ಅವರೂ ಪ್ಯಾಂಟಿನ ಯೋಚನೆ ಮಾಡದೆ ಮಂಡಿಯೂರಿದರು. ಆ ನರಿ ಹುಡುಗಿಗೆ ನೀನು "ಇವರು ನಮ್ಮಪ್ಪ, ಇಲಿ ಹಿಡೀತಾರೆ" ಅಂತ ಮೂರು ಸಲ ಹೇಳಿದೆ. ಮೊದಲ ಸಲಕ್ಕೇ ಅವಳಿಗೆ ಕೇಳಿಸಿತ್ತು. ನನಗೂ ಕೇಳಿಸಿತ್ತು. ಆದರೂ ಮೂರು ಸಲ ಹೇಳಿದ್ದು ಒಳ್ಳೆಯದಾಯಿತು, ಗಾಳಿ ಜೋರಾಗಿತ್ತು.

ಮನೆಗೆ ಬಂದವನೇ ಬೋರ್ಡು ಬರೆಯುವವರನ್ನು ಕರೆಸಿದೆ. "ಮತ್ತು ಮಗಳು" ಅನ್ನುವುದನ್ನು ಅಳಿಸಬೇಕು ಅಂದೆ. ಅವರು ಬಣ್ಣದ ಡಬ್ಬಿ ತೆರೆದು, ಕುಂಚ ಅದ್ದಿ, ನನ್ನ ಮುಖ ನೋಡಿ ನಿಂತರು. "ಅಳಿಸಿದರೂ ಗುರುತು ಉಳಿಯುತ್ತೆ ಯಜಮಾನರೇ" ಅಂದರು. ಗುರುತು ಉಳಿಯುವುದಾದರೆ ಅಳಿಸಿ ಏನು ಫಲ? ಇರಲಿ ಬಿಡಿ ಅಂದೆ. ಕೆಳಗೆ ಜಾಗವಿತ್ತು, ಇನ್ನೊಂದು ಸಾಲು ಬರೆಸಿದೆ. ಇವತ್ತು ಬೆಳಿಗ್ಗೆ ನಾಲ್ಕೂ ಮೊಳೆ ಹೊಡೆದು ಮುಂಬಾಗಿಲ ಮೇಲೆ ಹಾಕಿದ್ದೇನೆ:

ಇಲಿ ಹಿಡಿಯುವವರು
ತಂದೆ ಮತ್ತು ಮಗಳು
(ತಂದೆ ಹಿಡಿಯುತ್ತಾರೆ, ಮಗಳು ಬಿಡುತ್ತಾಳೆ)

ಬೇಕರಿಯವರು ಬೀದಿಯಲ್ಲಿ ನಿಂತು ಎರಡು ಸಲ ಓದಿದರು. "ಹಾಗಾದ್ರೆ ನಾನು ಯಾರನ್ನು ಕರೀಬೇಕು?" ಅಂದರು. "ಸದ್ಯಕ್ಕೆ ನನ್ನನ್ನೇ ಕರೀರಿ. ಅವಳಿಗೆ ಪುರುಸೊತ್ತಿಲ್ಲ, ಇನ್ನೂ ಮೂರು ವರ್ಷ ಓದೋದಿದೆ" ಅಂದೆ.

ಹಾಂ, ಜುಲೈನಲ್ಲಿ ಬರೆದಿದ್ದೆನಲ್ಲ, ನೀನು ಹೋದ ಮೇಲೆ ಆದ ಎರಡನೇ ಸುಧಾರಣೆ ನೆನಪಾಗುತ್ತಿಲ್ಲ ಅಂತ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಇರಲೇ ಇಲ್ಲ ಅನ್ನಿಸುತ್ತದೆ.

ನಿನ್ನ ಅಪ್ಪ
(ಹಿಡಿಯುವ ವಿಭಾಗ)

ಪುಟ್ಟೀ, ರಜೆಗೆ ಬರುವಾಗ ಕೋಟು ತರುತ್ತೀಯಂತೆ, ಇವರು ಹೇಳಿದರು. ಬೋರ್ಡು ಮುಂಬಾಗಿಲಿಗಿರಬಹುದು, ನೀವಿಬ್ಬರೂ ಹಿಂಬಾಗಿಲಿಗೇ ಬರಬೇಕು. ಹೊರಗೆ ಇನ್ನೊಂದು ಮೊಳೆ ಹೊಡೆಸಿದ್ದೇನೆ. - ಅಮ್ಮ